ದರೆ ವ? ದರೆ ಗ? ಜಪಾನೀಸ್ ಪ್ರಶ್ನೆ ಪದಗಳನ್ನೂ ಪ್ರತ್ಯಯಗಳನ್ನೂ ತಪ್ಪಿಲ್ಲದೆ ಹಾಕುವ ಕ್ರಮ

ಜಪಾನೀಸ್ ಕಲಿಯಲು ಶುರು ಮಾಡಿ ಮೂರ್ನಾಲ್ಕು ತಿಂಗಳಾದ ಕನ್ನಡದವರ ನೋಟ್‌ಬುಕ್ ತೆರೆದರೆ ಅವೇ ನಾಲ್ಕು ವಾಕ್ಯಗಳು ಕಾಣಿಸುತ್ತವೆ. 'ದರೆ ವ ಕಿಮಶಿತ ಕ.' 'ಇತ್ಸು ನಿ ಇಕಿಮಸು ಕ.' 'ವತಶಿ ನಿ ಒಚ ಗ ಸುಕಿ ದೆಸು.' 'ದರೆ ನಿ ಕ ಐಮಶಿತ.' ಹೇಳಬೇಕಾದದ್ದು ಯಾರು ಬಂದರು, ಯಾವಾಗ ಹೋಗ್ತೀರಿ, ನನಗೆ ಟೀ ಇಷ್ಟ, ಯಾರಿಗೋ ಸಿಕ್ಕೆ. ನಾಲ್ಕೂ ತಪ್ಪು. ತಿದ್ದಿ ಕೊಟ್ಟರೆ ಮುಂದಿನ ವಾರ ಮತ್ತೆ ಅದೇ ತಪ್ಪು.

ಬುದ್ಧಿ ಕಡಿಮೆ ಅಂತಲ್ಲ, ದಾರಿ ಸುತ್ತಿ ಬರುತ್ತಿದ್ದಾರೆ. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷ್‌ಗೆ ತಂದು, ಅಲ್ಲಿಂದ ಜಪಾನೀಸ್‌ಗೆ ಹೋಗುತ್ತಾರೆ. ಜಪಾನೀಸ್‌ನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದದ ಹಿಂದೆ ಪ್ರತ್ಯಯ ಅಂಟುತ್ತದೆ. ಕನ್ನಡದ ಹಾಗೆಯೇ. ಇಂಗ್ಲಿಷ್‌ನಲ್ಲಿ ಇವೆರಡೂ ಇಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕನ್ನಡದಿಂದ ನೇರವಾಗಿ ಹೋಗೋಣ. ಮುಕ್ಕಾಲು ಪಾಲು ಕೆಲಸವನ್ನು ಕನ್ನಡವೇ ಮಾಡಿಕೊಡುತ್ತದೆ. ಉಳಿದ ಕಾಲು ಪಾಲಿನಲ್ಲಿ ಕನ್ನಡವೇ ದಾರಿ ತಪ್ಪಿಸುತ್ತದೆ. ಆ ಜಾಗಗಳು ಯಾವುವು ಅಂತ ಗೊತ್ತಿದ್ದರೆ ಸಾಕು.

ಹಂತಗಳ ಕ್ರಮ ಬದಲಿಸಬೇಡಿ. 4ನೇ ಹಂತ ಗಟ್ಟಿಯಾಗದೆ 7ಕ್ಕೆ ಹೋದರೆ ಎರಡೂ ಕಲಸಿಹೋಗುತ್ತವೆ.

ಶುರು ಮಾಡುವ ಮೊದಲು ಬೇಕಾದದ್ದು

ಹಿರಗನ, ಅಂದರೆ ಜಪಾನೀಸ್‌ನಲ್ಲಿ ಮೊದಲು ಕಲಿಯುವ ಲಿಪಿಯ ಅಕ್ಷರಗಳು ಓದಲು ಬರಬೇಕು. ಮುಖ್ಯವಾಗಿ ಮೂರು ವಿಚಿತ್ರಗಳು ಗೊತ್ತಿರಬೇಕು. 'ವ' ಪ್ರತ್ಯಯವನ್ನು ಬರೆಯುವುದು 'ಹ' ಅಕ್ಷರದಲ್ಲಿ. 'ಎ' ಪ್ರತ್ಯಯವನ್ನು ಬರೆಯುವುದು 'ಹೆ' ಅಕ್ಷರದಲ್ಲಿ. ಕರ್ಮಕ್ಕೆ ಬರುವ 'ಒ' ಪ್ರತ್ಯಯಕ್ಕೆ ಬೇರೆಯದೇ ಒಂದು ಅಕ್ಷರವಿದೆ. ಅದನ್ನು ಪ್ರತ್ಯಯಕ್ಕೆ ಬಿಟ್ಟು ಬೇರೆಲ್ಲೂ ಬಳಸುವುದಿಲ್ಲ ಎನ್ನಬಹುದು.

ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಪ್ರಶ್ನೆ ಪದಕ್ಕೆ ಒಂದು ಬಣ್ಣ, ಪ್ರತ್ಯಯಕ್ಕೆ ಒಂದು, ಉಳಿದದ್ದಕ್ಕೆ ಒಂದು. ಪಕ್ಕದಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಇಂಗ್ಲಿಷ್ ಅಕ್ಷರಗಳಲ್ಲಿ ಬೇಡ. ಕನ್ನಡದಲ್ಲಿ 'ಒ' ಬೇರೆ, 'ಓ' ಬೇರೆ. 'ಎ' ಬೇರೆ, 'ಏ' ಬೇರೆ. ಜಪಾನೀಸ್‌ಗೆ ಬೇಕಾದದ್ದೂ ಅದೇ. 'ದೊ' ಅಂದರೆ ಪದದ ಒಂದು ತುಣುಕು. 'ದೋ' ಅಂದರೆ 'ಹೇಗೆ'. ಒಂದು ಮಾತ್ರೆಯಲ್ಲಿ ಅರ್ಥ ಬದಲಾಗುತ್ತದೆ. ಇಲ್ಲಿ 'ದೆಸು', 'ಮಸು' ಅಂತ ಬರೆದಿದ್ದೇನೆ. ಮಾತಿನಲ್ಲಿ ಕೊನೆಯ 'ಉ' ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ.

ಹಂತ 1: ಇ, ಅ, ಯಾ ಸಾಲನ್ನು ಕೊ, ಸೊ, ಅ, ದೊ ಸಾಲಿಗೆ ಜೋಡಿಸಿ

ಇದು, ಅದು, ಯಾವುದು. ಇಲ್ಲಿ, ಅಲ್ಲಿ, ಎಲ್ಲಿ. ಹೀಗೆ, ಹಾಗೆ, ಹೇಗೆ. ಮೊದಲ ಅಕ್ಷರ ಬದಲಾದರೆ ಅರ್ಥ ಬದಲಾಗುವ ಈ ಏರ್ಪಾಟು ನಮಗೆ ಹುಟ್ಟಿನಿಂದಲೇ ಗೊತ್ತು. ಜಪಾನೀಸ್‌ನಲ್ಲೂ ಅದೇ ಇದೆ.

ಕೊರೆ, ಸೊರೆ, ಅರೆ, ದೊರೆ: ಇದು, ಅದು, ಅದು, ಯಾವುದು.
ಕೊನೊ, ಸೊನೊ, ಅನೊ, ದೊನೊ: ಈ, ಆ, ಆ, ಯಾವ.
ಕೊಕೊ, ಸೊಕೊ, ಅಸೊಕೊ, ದೊಕೊ: ಇಲ್ಲಿ, ಅಲ್ಲಿ, ಅಲ್ಲಿ, ಎಲ್ಲಿ.
ಕೊನ್ನ, ಸೊನ್ನ, ಅನ್ನ, ದೊನ್ನ: ಇಂಥ, ಅಂಥ, ಅಂಥ, ಎಂಥ.
ಕೋ, ಸೋ, ಆ, ದೋ: ಹೀಗೆ, ಹಾಗೆ, ಹಾಗೆ, ಹೇಗೆ.

ನಮ್ಮಲ್ಲಿ 'ಅದು' ಒಂದೇ. ಅವರಲ್ಲಿ ಎರಡು. ಕೇಳುವವರ ಹತ್ತಿರ ಇರುವುದು 'ಸೊರೆ'. ಇಬ್ಬರಿಂದಲೂ ದೂರ ಇರುವುದು 'ಅರೆ'. ನಿಮ್ಮ ಕೈಯಲ್ಲಿರುವ ಪೆನ್ನು ತೋರಿಸಿ 'ಅದೇನು' ಅಂತ ಕೇಳಬೇಕಾದರೆ 'ಸೊರೆ ವ ನನ್ ದೆಸು ಕ'. ಎದುರಿನ ಬೆಟ್ಟ ತೋರಿಸಿ ಕೇಳಿದರೆ 'ಅರೆ ವ ನನ್ ದೆಸು ಕ'. ಈಗಷ್ಟೇ ನೀವು ಹೇಳಿದ ಮಾತಿನ ಬಗ್ಗೆ ನಾನು ಕೇಳುವುದಾದರೂ 'ಸೊರೆ'. ಕನ್ನಡದವರು ಎಲ್ಲ 'ಅದು'ಗಳಿಗೂ 'ಅರೆ' ಹಾಕುತ್ತಾರೆ, 'ಅ' ಶಬ್ದ ಒಂದೇ ಆದ್ದರಿಂದ. ಈ ಹಂತದ ದೊಡ್ಡ ತಪ್ಪು ಇದೇ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ 'ಎಂಥ ಮಾಡ್ತಿದ್ದೀರಿ' ಅಂದರೆ 'ಏನು ಮಾಡ್ತಿದ್ದೀರಿ' ಅಂತ ಅರ್ಥ. ಆ 'ಎಂಥ'ಕ್ಕೆ 'ದೊನ್ನ' ಹಾಕಬೇಡಿ, 'ನನಿ' ಹಾಕಿ. 'ಎಂಥ ಊರು', 'ಎಂಥ ಮನುಷ್ಯ' ಅಂತ ಹಿಂದೆ ನಾಮಪದ ಬಂದು, ಗುಣ ಕೇಳುವಾಗ ಮಾತ್ರ 'ದೊನ್ನ'.

ಹಂತ 2: 'ಯಾವುದು', 'ಎಷ್ಟು' ಎರಡನ್ನೂ ಒಡೆಯಿರಿ

ಕನ್ನಡದ ಈ ಎರಡು ಪದಗಳು ತುಂಬಾ ಕೆಲಸ ಹೊರುತ್ತವೆ. ಜಪಾನೀಸ್ ಆ ಹೊರೆಯನ್ನು ಹಂಚುತ್ತದೆ.

'ಯಾವುದು' ಬಂದಾಗ ಮೊದಲು ಎಣಿಸಿ. ಎದುರಿಗೆ ಎರಡೇ ಇದ್ದರೆ 'ದೊಚಿರ', ಮೂರು ಅಥವಾ ಹೆಚ್ಚು ಇದ್ದರೆ 'ದೊರೆ'. ಹಿಂದೆ ನಾಮಪದ ಇದ್ದರೆ 'ದೊನೊ'. 'ಯಾವ ಪುಸ್ತಕ' ಅಂದರೆ 'ದೊನೊ ಹೊನ್'. 'ದೊರೆ ಹೊನ್' ಅನ್ನುವಂತಿಲ್ಲ. ನಾವು 'ಯಾವುದು ಪುಸ್ತಕ' ಅನ್ನುವುದಿಲ್ಲ ಅಲ್ವಾ? ಅದೇ ಲೆಕ್ಕ.

ಕಾಫಿನಾ ಟೀನಾ, ಯಾವುದು ಇಷ್ಟ ಅಂತ ಕೇಳುವ ಅಚ್ಚು ಇದು: 'ಕೋಹೀ ತೊ ಒಚ ತೊ, ದೊಚಿರ ಗ ಸುಕಿ ದೆಸು ಕ.' ಉತ್ತರ: 'ಕೋಹೀ ನೊ ಹೋ ಗ ಸುಕಿ ದೆಸು.' 'ಒಚ' ಅಂದರೆ ಜಪಾನಿನ ಟೀ. 'ದೊಚಿರ'ಗೆ ಇನ್ನೊಂದು ಅರ್ಥವೂ ಇದೆ, ಮರ್ಯಾದೆಯಿಂದ ಕೇಳುವ 'ಎಲ್ಲಿ'. 'ಒಕುನಿ ವ ದೊಚಿರ ದೆಸು ಕ' ಅಂದರೆ 'ತಮ್ಮ ದೇಶ ಯಾವುದು'. ಆಗ ಎರಡರಲ್ಲಿ ಒಂದು ಅನ್ನುವ ಲೆಕ್ಕ ಬರುವುದಿಲ್ಲ.

'ಎಷ್ಟು' ಇನ್ನೂ ಹೆಚ್ಚು ಕಡೆ ಒಡೆಯುತ್ತದೆ. ದುಡ್ಡು ಎಷ್ಟು ಅಂದರೆ 'ಇಕುರ'. ಸಾಮಾನು ಎಷ್ಟು ಅಂದರೆ 'ಇಕುತ್ಸು'. ಜನ ಎಷ್ಟು ಅಂದರೆ 'ನನ್‌ನಿನ್'. ಕಾಗದದಂಥ ತೆಳು ವಸ್ತು ಎಷ್ಟು ಅಂದರೆ 'ನನ್‌ಮೈ'. ಪೆನ್ನು, ಬಾಟಲಿಯಂಥ ಉದ್ದನೆಯದು ಎಷ್ಟು ಅಂದರೆ 'ನನ್‌ಬೊನ್'. ಗಂಟೆ ಎಷ್ಟು ಅಂದರೆ 'ನನ್‌ಜಿ'. ಎಷ್ಟು ಹೊತ್ತು, ಎಷ್ಟು ದೂರ ಅಂದರೆ 'ದೊನೊ ಕುರೈ'. ವಯಸ್ಸು ಎಷ್ಟು ಅಂದರೆ 'ನನ್‌ಸೈ'. ಮರ್ಯಾದೆಯಿಂದ ಕೇಳುವುದಾದರೆ 'ಒಇಕುತ್ಸು'.

ಅಂಗಡಿಯಲ್ಲಿ ಸೇಬು ಹಿಡಿದು 'ಇಕುತ್ಸು ದೆಸು ಕ' ಅಂದರೆ ಬೆಲೆ ಕೇಳಿದಂತೆ ಆಗುವುದಿಲ್ಲ. ಎಷ್ಟು ಸೇಬು ಅಂತ ಕೇಳಿದಂತೆ ಆಗುತ್ತದೆ. ಇವನ್ನು ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಉತ್ತರದ ಜೊತೆ ಜೋಡಿಯಾಗಿ ಕಲಿಯುವುದು ಮೇಲು: 'ನನ್‌ನಿನ್ ದೆಸು ಕ', 'ಸನ್‌ನಿನ್ ದೆಸು'. ಎಷ್ಟು ಜನ, ಮೂರು ಜನ.

ಹಂತ 3: ನನ್ ಎಲ್ಲಿ, ನನಿ ಎಲ್ಲಿ

ಎರಡೂ 'ಏನು'. ಮುಂದೆ ಬರುವ ಶಬ್ದ ತ, ದ, ನ ಆಗಿದ್ದರೆ 'ನನ್': ನನ್ ದೆಸು ಕ, ನನ್ ನೊ ಹೊನ್, ನನ್ ತೊ ಇಇಮಸು ಕ. ನಿನ್, ಮೈ, ಜಿ ಮುಂತಾದ ಎಣಿಕೆ ಪದಕ್ಕಿಂತ ಮೊದಲೂ 'ನನ್'. ಮುಂದೆ ಒ, ಗ, ಕ, ಮೊ ಬಂದರೆ 'ನನಿ': ನನಿ ಒ ತಬೆಮಸು ಕ, ನನಿ ಗ ಅರಿಮಸು ಕ, ನನಿಕ, ನನಿಮೊ.

ಎರಡು ಜಾಗದಲ್ಲಿ ಎಚ್ಚರ. 'ನನ್‌ನಿನ್' ಅಂದರೆ ಎಷ್ಟು ಜನ, 'ನನಿಜಿನ್' ಅಂದರೆ ಯಾವ ದೇಶದವರು. ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಚಿತ್ರಾಕ್ಷರಗಳು ಬರಬಹುದು, ಓದುವಾಗ ಸಂದರ್ಭ ನೋಡಬೇಕು. ಎರಡನೆಯದು, 'ನಂದೆ ಇಕಿಮಸು ಕ' ಅಂದರೆ 'ಯಾಕೆ ಹೋಗ್ತೀರಿ' ಅಂತ ಕೇಳಿಸುವ ಸಂಭವ ಜಾಸ್ತಿ. 'ಯಾವುದರಲ್ಲಿ ಹೋಗ್ತೀರಿ, ಬಸ್ಸಲ್ಲಾ ರೈಲಲ್ಲಾ' ಅನ್ನಬೇಕಾದರೆ 'ನನಿ ದೆ ಇಕಿಮಸು ಕ' ಅಂತ ಬಿಡಿಸಿ ಹೇಳಿ.

ಹಂತ 4: ಪ್ರಶ್ನೆ ಪದದ ಹಿಂದೆ 'ವ' ಬರುವುದಿಲ್ಲ

ಇದೊಂದು ಗಟ್ಟಿಯಾದರೆ ಅರ್ಧ ಕೆಂಪು ಗುರುತುಗಳು ಮಾಯವಾಗುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

'ವ' ಹಾಕುವುದು ಇಬ್ಬರಿಗೂ ಗೊತ್ತಿರುವ ವಿಷಯಕ್ಕೆ. 'ಈಗ ಇದರ ಬಗ್ಗೆ ಮಾತಾಡ್ತೀನಿ' ಅಂತ ಅದು ವಿಷಯವನ್ನು ಮುಂದಿಡುತ್ತದೆ. ಯಾರು, ಏನು, ಯಾವುದು ಅನ್ನುವುದು ಗೊತ್ತಿಲ್ಲದ ಸಂಗತಿ. ಗೊತ್ತಿಲ್ಲದ್ದರ ಬಗ್ಗೆ 'ಇದರ ವಿಷಯಕ್ಕೆ ಬಂದರೆ' ಅನ್ನುವುದು ಹೇಗೆ? ಅದಕ್ಕೇ 'ದರೆ ವ' ತಪ್ಪು, 'ದರೆ ಗ' ಸರಿ.

ಪರೀಕ್ಷೆ ಸುಲಭ. ಕನ್ನಡ ವಾಕ್ಯದಲ್ಲಿ ಪ್ರಶ್ನೆ ಪದ ಎಲ್ಲಿದೆ ನೋಡಿ.

ಪ್ರಶ್ನೆ ಪದವೇ ಕರ್ತೃ ಆಗಿ ಮೊದಲು ಬಂದರೆ 'ಗ'. ಯಾರು ಬಂದರು? 'ದರೆ ಗ ಕಿಮಶಿತ ಕ.' ಯಾವುದು ನಿಮ್ಮದು? 'ದೊರೆ ಗ ಅನತ ನೊ ದೆಸು ಕ.'

ಪ್ರಶ್ನೆ ಪದ ಕೊನೆಯಲ್ಲಿ, 'ದೆಸು'ವಿನ ಪಕ್ಕ ಬಂದರೆ, ಮುಂದಿರುವ ನಾಮಪದಕ್ಕೆ 'ವ'. ಪುಸ್ತಕ ಎಲ್ಲಿ? 'ಹೊನ್ ವ ದೊಕೊ ದೆಸು ಕ.' ಇದು ಏನು? 'ಕೊರೆ ವ ನನ್ ದೆಸು ಕ.' ನಿಮ್ಮದು ಯಾವುದು? 'ಅನತ ನೊ ವ ದೊರೆ ದೆಸು ಕ.'

'ಬಂದಿದ್ದು ಯಾರು' ಅಂತ ನಾವು ತಿರುಗಿಸಿ ಕೇಳುತ್ತೇವಲ್ಲ, ಜಪಾನೀಸ್‌ನಲ್ಲೂ ಹಾಗೆಯೇ ತಿರುಗಿಸಬಹುದು: 'ಕಿತ ನೊ ವ ದರೆ ದೆಸು ಕ.' ಯಾರೋ ಬಂದದ್ದು ಇಬ್ಬರಿಗೂ ಗೊತ್ತು, ಅದಕ್ಕೆ 'ವ'. ಯಾರು ಅನ್ನುವುದು ಕೊನೆಗೆ ಹೋಯಿತು. 'ಬಂದಿದ್ದು' ಪದದ 'ದ್ದು' ಮಾಡುವ ಕೆಲಸವನ್ನು ಅಲ್ಲಿ 'ನೊ' ಮಾಡುತ್ತದೆ. ಇಂಗ್ಲಿಷ್ ಮೂಲಕ ಇದನ್ನು ಕಲಿಯಲು ಒಂದು ಪೂರ್ತಿ ಪಾಠ ಬೇಕು. ನಿಮಗೆ ಒಂದು ಸಾಲು ಸಾಕಾಯಿತು.

ಇನ್ನು ಉತ್ತರ. ಪ್ರಶ್ನೆಯಲ್ಲಿ 'ಗ' ಇದ್ದರೆ ಉತ್ತರದಲ್ಲೂ 'ಗ'. 'ದರೆ ಗ ಕಿಮಶಿತ ಕ' ಅಂದರೆ 'ತನಕ-ಸನ್ ಗ ಕಿಮಶಿತ'. ಅಲ್ಲಿ 'ತನಕ-ಸನ್ ವ ಕಿಮಶಿತ' ಅಂದರೆ ಏನು ಕೇಳಿಸುತ್ತದೆ ಗೊತ್ತಾ? 'ತನಕ ಅವರೇನೋ ಬಂದರು' ಅಂತ. ಉಳಿದವರ ಬಗ್ಗೆ ಏನೋ ಬಾಕಿ ಉಳಿಸಿದ ಹಾಗೆ. ಕನ್ನಡದ ಆ 'ಏನೋ', 'ಅಂತೂ' ಕೊಡುವ ಛಾಯೆಯೇ 'ವ' ಕೊಡುವ ಹೋಲಿಕೆಯ ಛಾಯೆ. ಅದು ಬೇಕಾದಾಗ ಬೇಕೆಂದೇ ಹಾಕಿ. ಗೊತ್ತಿಲ್ಲದೆ ಹಾಕಬೇಡಿ.

ಎಚ್ಚರಿಕೆಯ ಗುರುತು: ಬರೆದ ವಾಕ್ಯದಲ್ಲಿ ದರೆ, ನನಿ, ದೊರೆ, ಇತ್ಸು, ದೊಕೊ ಇವುಗಳ ಹಿಂದೆ ನೇರವಾಗಿ 'ವ' ಕಂಡರೆ ನಿಲ್ಲಿ. ಹೊಸಬರ ವಾಕ್ಯದಲ್ಲಿ ಅದು ತಪ್ಪೇ ಆಗಿರುತ್ತದೆ.

ಹಂತ 5: ಗೆ, ಅಲ್ಲಿ, ಇಂದ, ಅನ್ನು

ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ ಇಗೆ ಕ್ಕೆ' ಅಂತ ಹೇಳಿಕೊಂಡದ್ದು ಈಗ ಕೆಲಸಕ್ಕೆ ಬರುತ್ತದೆ.

'ಗೆ, ಇಗೆ, ಕ್ಕೆ' ಬಂದಲ್ಲಿ 'ನಿ'. ಜಪಾನಿಗೆ ಹೋಗ್ತೀನಿ: 'ನಿಹೊನ್ ನಿ ಇಕಿಮಸು'. ಇಲ್ಲಿ 'ಎ' ಕೂಡ ನಡೆಯುತ್ತದೆ, ಹೋಗುವ ದಿಕ್ಕಿಗೆ ಒತ್ತು ಕೊಟ್ಟ ಹಾಗೆ. ಅಮ್ಮನಿಗೆ ಕೊಟ್ಟೆ: 'ಹಹ ನಿ ಅಗೆಮಶಿತ'. 5 ಗಂಟೆಗೆ: 'ಗೊಜಿ ನಿ'. ಮೂರು ಕಡೆಯೂ ಕನ್ನಡ ಹೇಳಿದ ಹಾಗೆಯೇ.

ಕಾಲದ ಪದಗಳಲ್ಲೂ ಕನ್ನಡ ಕೈ ಹಿಡಿಯುತ್ತದೆ. ಇವತ್ತು, ನಾಳೆ, ದಿನಾಲೂ, ಯಾವಾಗ. ಇವುಗಳಿಗೆ ನಾವು 'ಗೆ' ಹಾಕುವುದಿಲ್ಲ. ಕ್ಯೋ, ಅಶಿತ, ಮೈನಿಚಿ, ಇತ್ಸು. ಇವುಗಳಿಗೂ 'ನಿ' ಇಲ್ಲ. 'ಯಾವಾಗ ಹೋಗ್ತೀರಿ' ಅಂದರೆ 'ಇತ್ಸು ಇಕಿಮಸು ಕ'. 'ಎಷ್ಟು ಗಂಟೆಗೆ ಹೋಗ್ತೀರಿ' ಅಂದರೆ 'ನನ್‌ಜಿ ನಿ ಇಕಿಮಸು ಕ'. ಹೊಂದದಿರುವುದು ಮುಖ್ಯವಾಗಿ ವಾರದ ಹೆಸರುಗಳು. ನಾವು 'ಸೋಮವಾರ ಬರ್ತೀನಿ' ಅನ್ನುತ್ತೇವೆ. ಅಲ್ಲಿ 'ಗೆತ್ಸುಯೋಬಿ ನಿ' ಅಂತ ಪ್ರತ್ಯಯ ಹಾಕುವುದು ವಾಡಿಕೆ.

'ಅಲ್ಲಿ' ಮೋಸ ಮಾಡುತ್ತದೆ. ಇರುವುದಕ್ಕೆ 'ನಿ', ಮಾಡುವುದಕ್ಕೆ 'ದೆ'. ಬೆಂಗಳೂರಲ್ಲಿ ವಾಸ ಮಾಡ್ತೀನಿ: 'ಬೆಂಗಳೂರು ನಿ ಸುಂದೆ ಇಮಸು'. ಬೆಂಗಳೂರಲ್ಲಿ ಕೆಲಸ ಮಾಡ್ತೀನಿ: 'ಬೆಂಗಳೂರು ದೆ ಹತರೈತೆ ಇಮಸು'. ಆದರೆ 'ಬ್ಯಾಂಕಿನ ನೌಕರಿಯಲ್ಲಿದ್ದೀನಿ' ಅನ್ನುವಾಗ 'ಗಿಂಕೋ ನಿ ತ್ಸುತೊಮೆತೆ ಇಮಸು'. ಇನ್ನೊಂದು: ಹಬ್ಬ, ಸಭೆ, ಪಾರ್ಟಿ ಇದೆ ಅನ್ನುವಾಗ ಕ್ರಿಯಾಪದ 'ಅರಿಮಸು' ಆದರೂ ಜಾಗಕ್ಕೆ 'ದೆ' ಬರುತ್ತದೆ. 'ಕ್ಯೋತೊ ದೆ ಮತ್ಸುರಿ ಗ ಅರಿಮಸು.' ಹಬ್ಬ ವಸ್ತುವಿನ ಹಾಗೆ ಕೂತಿರುವುದಿಲ್ಲ, ನಡೆಯುತ್ತದೆ. 'ನಡೆಯುತ್ತೆ' ಅಂತ ಕನ್ನಡದಲ್ಲಿ ಹೇಳಲು ಬಂದರೆ 'ದೆ' ಹಾಕಿ.

'ಇಂದ' ಕೂಡ ಎರಡಾಗುತ್ತದೆ. ಎಲ್ಲಿಂದ, ಯಾವಾಗಿಂದ ಅಂದರೆ 'ಕರ'. ಏನನ್ನು ಬಳಸಿ ಅಂದರೆ 'ದೆ'. ಮೈಸೂರಿಂದ ಬಂದೆ: 'ಮೈಸೂರು ಕರ ಕಿಮಶಿತ'. ಚಾಕುವಿನಿಂದ ಕತ್ತರಿಸಿದೆ: 'ನೈಫು ದೆ ಕಿರಿಮಶಿತ'.

ಕೆಲವು ಕ್ರಿಯಾಪದಗಳಿಗೆ ಸರಿಯಾದ ಕನ್ನಡ ಪದ ಹುಡುಕಿಕೊಂಡರೆ ಪ್ರತ್ಯಯ ತಾನೇ ಬರುತ್ತದೆ. 'ಐಮಸು' ಅಂದರೆ 'ಭೇಟಿ ಮಾಡು' ಅಂತ ಕಲಿತವರು 'ತೊಮೊದಚಿ ಒ' ಅಂತ ತಪ್ಪು ಹಾಕುತ್ತಾರೆ. 'ಸಿಗು' ಅಂತ ಕಲಿಯಿರಿ. ಸ್ನೇಹಿತನಿಗೆ ಸಿಕ್ಕೆ: 'ತೊಮೊದಚಿ ನಿ ಐಮಶಿತ'. 'ಮನೆಯಿಂದ ಹೊರಟೆ' ಅನ್ನುವ ಬದಲು 'ಮನೆ ಬಿಟ್ಟೆ' ಅಂತ ಕಲಿತರೆ 'ಇಎ ಒ ದೆಮಶಿತ' ಸಹಜವಾಗಿ ಬರುತ್ತದೆ. ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಇಂಥ ಜೋಡಿ ಮಾಡಿಕೊಳ್ಳಿ. ಇದು ನಾನು ತುಂಬಾ ನಂಬಿರುವ ಅಭ್ಯಾಸ.

ಹಂತ 6: 'ನನಗೆ' ವಾಕ್ಯಗಳು

ನನಗೆ ಟೀ ಇಷ್ಟ. ನನಗೆ ಜಪಾನೀಸ್ ಅರ್ಥ ಆಗುತ್ತೆ. ನನಗೆ ಸಮಯ ಬೇಕು. 'ಟೀಯನ್ನು ಇಷ್ಟ' ಅಂತ ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಜಪಾನೀಸ್‌ನಲ್ಲೂ ಹಾಗೇ, ಇಷ್ಟವಾಗುವ ವಸ್ತುವಿಗೆ 'ಒ' ಅಲ್ಲ, 'ಗ'. ಇದು ನಮಗೆ ಲಾಭ. ನಷ್ಟ ಆಗುವುದು 'ನನಗೆ' ಅನ್ನುವ ಕಡೆ. ಅದಕ್ಕೆ 'ವತಶಿ ನಿ' ಅಲ್ಲ, 'ವತಶಿ ವ'.

'ವತಶಿ ವ ಒಚ ಗ ಸುಕಿ ದೆಸು.' 'ವತಶಿ ವ ನಿಹೊಂಗೊ ಗ ವಕರಿಮಸು.' 'ವತಶಿ ವ ಜಿಕನ್ ಗ ಹೊಶೀ ದೆಸು.' ಪ್ರಶ್ನೆ ಕೇಳಿದರೂ ಅದೇ ಅಚ್ಚು: 'ನನಿ ಗ ಸುಕಿ ದೆಸು ಕ.'

ಹಂತ 7: ಕ, ಮೊ, ದೆಮೊ ಮತ್ತು ಓ, ಊ, ಬೇಕಾದರೂ

ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ಕಷ್ಟದ ಪಾಠ. ಕನ್ನಡದವರಿಗೆ ಅತಿ ಸುಲಭ ಆಗಬೇಕಾದ ಪಾಠ.

ಯಾರೋ: ದರೆಕ. ಯಾರೂ ಇಲ್ಲ: ದರೆಮೊ. ಯಾರು ಬೇಕಾದರೂ: ದರೆದೆಮೊ.
ಏನೋ: ನನಿಕ. ಏನೂ ಇಲ್ಲ: ನನಿಮೊ. ಏನು ಬೇಕಾದರೂ: ನಂದೆಮೊ.
ಎಲ್ಲೋ: ದೊಕೊಕ. ಎಲ್ಲೂ ಇಲ್ಲ: ದೊಕೊಮೊ. ಎಲ್ಲಿ ಬೇಕಾದರೂ: ದೊಕೊದೆಮೊ.
ಯಾವಾಗಲೋ: ಇತ್ಸುಕ. ಯಾವಾಗಲೂ: ಇತ್ಸುಮೊ. ಯಾವಾಗ ಬೇಕಾದರೂ: ಇತ್ಸುದೆಮೊ.

ಪ್ರಶ್ನೆ ಪದಕ್ಕೆ 'ಓ' ಸೇರಿಸುವ ಕಡೆ 'ಕ', 'ಊ' ಸೇರಿಸುವ ಕಡೆ 'ಮೊ'. ಕೊನೆಯ ಸಾಲು ನೋಡಿ. ದರೆಮೊ, ನನಿಮೊ ಬಂದರೆ ಕ್ರಿಯಾಪದ 'ಇಲ್ಲ' ಅಂತ ಮುಗಿಯುತ್ತದೆ, ಆದರೆ 'ಇತ್ಸುಮೊ' ಹಾಗಲ್ಲ. ನಮ್ಮ 'ಯಾವಾಗಲೂ' ಕೂಡ ಹಾಗೆಯೇ. 'ಯಾರೂ' ಬಂದರೆ 'ಇಲ್ಲ' ಬೇಕು, 'ಯಾವಾಗಲೂ' ಬಂದರೆ ಬೇಕಿಲ್ಲ.

ಈಗ ಮೂರು ಹಳ್ಳಗಳು.

ಮೊದಲನೆಯದು ಪ್ರತ್ಯಯದ ಜಾಗ. 'ಯಾರಿಗೋ' ಅನ್ನುವಾಗ ನಾವು ಮೊದಲು 'ಗೆ', ಆಮೇಲೆ 'ಓ' ಸೇರಿಸುತ್ತೇವೆ. ಅಲ್ಲಿ ತಿರುಗು ಮುರುಗು: 'ದರೆಕ ನಿ'. 'ಕ' ಮೊದಲು, 'ನಿ' ಆಮೇಲೆ. ಆದರೆ 'ಯಾರಿಗೂ' ನಮ್ಮ ಕ್ರಮದಲ್ಲೇ ಇದೆ: 'ದರೆ ನಿ ಮೊ'. 'ಯಾರಿಗೆ ಬೇಕಾದರೂ' ಕೂಡ: 'ದರೆ ನಿ ದೆಮೊ'. ಹಾಗಾಗಿ 'ದರೆಕ ನಿ ಐಮಶಿತ', ಯಾರಿಗೋ ಸಿಕ್ಕೆ. 'ದರೆ ನಿ ಮೊ ಐಮಸೆನ್ ದೆಶಿತ', ಯಾರಿಗೂ ಸಿಗಲಿಲ್ಲ. 'ಕ' ಪದಕ್ಕೆ ಅಂಟಿಕೊಳ್ಳುತ್ತದೆ, 'ಮೊ' ಎಲ್ಲರಿಗಿಂತ ಕೊನೆಗೆ ನಿಲ್ಲುತ್ತದೆ. ಈ ಎರಡು ವಾಕ್ಯಗಳನ್ನು ಒಂದು ವಾರ ದಿನಾ ಜೋರಾಗಿ ಹೇಳಿ.

ಎರಡನೆಯದು 'ಯಾರಾದರೂ', 'ಏನಾದರೂ'. ಇದಕ್ಕೆ ಎಲ್ಲರೂ 'ದೆಮೊ' ಹಾಕುತ್ತಾರೆ. 'ಯಾರಾದರೂ ಇದ್ದಾರಾ?' ಅನ್ನುವ ಪ್ರಶ್ನೆಗೆ 'ದರೆಕ ಇಮಸು ಕ' ಸರಿ. 'ದರೆದೆಮೊ ಇಮಸು ಕ' ತಪ್ಪು. 'ಬೇಕಾದರೂ' ಅಂತ ಹಿಗ್ಗಿಸಿ ನೋಡಿ. 'ಯಾರು ಬೇಕಾದರೂ ಇದ್ದಾರಾ' ಅಂದರೆ ಅರ್ಥವೇ ಇಲ್ಲ, ಹಾಗಾಗಿ 'ದೆಮೊ' ಬೇಡ. 'ಯಾರು ಬೇಕಾದರೂ ಮಾಡಬಹುದು' ಸರಿ ಕೇಳಿಸುತ್ತದೆ, ಹಾಗಾಗಿ 'ದರೆದೆಮೊ ದೆಕಿಮಸು'.

ಇದರ ಜೊತೆಗೇ ಬರುವ ಗೊಂದಲ: 'ನನಿಕ ತಬೆಮಸು ಕ' ಅಂದರೆ 'ಏನಾದರೂ ತಿಂತೀರಾ', ಉತ್ತರ ಹೌದು ಅಥವಾ ಇಲ್ಲ. 'ನನಿ ಒ ತಬೆಮಸು ಕ' ಅಂದರೆ 'ಏನು ತಿಂತೀರಿ', ಉತ್ತರ ತಿಂಡಿಯ ಹೆಸರು. ಮೊದಲನೆಯದಕ್ಕೆ 'ಸುಶಿ' ಅಂತ ಮಾತ್ರ ಉತ್ತರಿಸಿದರೆ ಪ್ರಶ್ನೆ ಸರಿಯಾಗಿ ಕೇಳಿಸಿಕೊಂಡಿಲ್ಲ ಅಂತ ಗೊತ್ತಾಗುತ್ತದೆ.

ಮೂರನೆಯದು 'ಊ'. ಕನ್ನಡದಲ್ಲಿ 'ರವಿಯೂ ಗೀತಾಳೂ ಬಂದರು' ಅನ್ನುತ್ತೇವೆ. ಸುಮ್ನೆ ಇಬ್ಬರನ್ನು ಜೋಡಿಸುವುದಾದರೆ ಜಪಾನೀಸ್‌ನಲ್ಲಿ 'ತೊ': 'ರವಿ-ಸನ್ ತೊ ಗೀತಾ-ಸನ್ ಗ ಕಿಮಶಿತ'. 'ಮೊ' ಹಾಕಿದರೆ 'ಇವರೂ ಬಂದರು, ಅವರೂ ಬಂದರು' ಅನ್ನುವ ಒತ್ತು ಬರುತ್ತದೆ. 'ಮೊ' ಬಂದಾಗ ವ, ಗ, ಒ ಮೂರೂ ಜಾಗ ಬಿಡುತ್ತವೆ. ನಿ, ದೆ, ಕರ ಬಿಡುವುದಿಲ್ಲ.

'ಓ'ಗೆ ಇನ್ನೊಂದು ಕೆಲಸವಿದೆ. ಯಾರು ಬರ್ತಾರೋ ಗೊತ್ತಿಲ್ಲ: 'ದರೆ ಗ ಕುರು ಕ ವಕರಿಮಸೆನ್'. ಬರ್ತಾರೋ ಇಲ್ಲವೋ ಗೊತ್ತಿಲ್ಲ: 'ಕುರು ಕ ದೋ ಕ ವಕರಿಮಸೆನ್'. ಒಳಗಿನ ಕ್ರಿಯಾಪದ ಸಾದಾ ರೂಪದಲ್ಲಿರಬೇಕು, ಅಂದರೆ 'ಕಿಮಸು' ಬೇಡ, 'ಕುರು' ಬೇಕು. ಮರ್ಯಾದೆಯನ್ನು ಕೊನೆಯ ಕ್ರಿಯಾಪದ ಹೊತ್ತುಕೊಳ್ಳುತ್ತದೆ.

ಹಂತ 8: ಯಾಕೆ, ಹೇಗೆ

'ಯಾಕೆ'ಗೆ ಮೂರು ಪದ. 'ನಝೆ' ಬರವಣಿಗೆಗೆ, ಭಾಷಣಕ್ಕೆ. 'ದೋಶಿತೆ' ಎಲ್ಲ ಕಡೆ. 'ನಂದೆ' ಗೆಳೆಯರ ನಡುವೆ. ಉತ್ತರದ ಕೊನೆಗೆ 'ಕರ': 'ಇಸೊಗಶೀ ಕರ', ಅಂದರೆ ಪುರುಸೊತ್ತಿಲ್ಲ, ಅದಕ್ಕೆ. ನಾಮಪದದ ಹಿಂದೆ ಬಂದ 'ಕರ' ಸಾಮಾನ್ಯವಾಗಿ 'ಇಂದ'. ವಾಕ್ಯದ ಕೊನೆಗೆ ಬಂದ 'ಕರ' 'ಅದಕ್ಕೆ'.

'ದೋ' ಒಂದೇ ಬಂದರೆ ಹೇಗಿದೆ ಅಂತ: 'ನಿಹೊಂಗೊ ವ ದೋ ದೆಸು ಕ', ಜಪಾನೀಸ್ ಹೇಗಿದೆ. ಮಾಡುವ ರೀತಿ ಕೇಳುವುದಾದರೆ 'ದೋ ಯತ್ತೆ': 'ಎಕಿ ಎ ದೋ ಯತ್ತೆ ಇಕಿಮಸು ಕ', ಸ್ಟೇಷನ್‌ಗೆ ಹೇಗೆ ಹೋಗೋದು. ಅಲ್ಲಿ 'ದೋಶಿತೆ' ಹಾಕಿದರೆ ಸ್ಟೇಷನ್‌ಗೆ ಯಾಕೆ ಹೋಗ್ತೀರಿ ಅಂತ ಕೇಳಿಸುತ್ತದೆ.

ಹಂತ 9: ವಾಕ್ಯದ ಕೊನೆ

'ಬರ್ತೀರಾ?' ಪದದ ಕೊನೆಯ 'ಆ' ಇದೆಯಲ್ಲ, ಅದರ ಜಾಗದಲ್ಲಿ 'ಕ'. ಆದರೆ ಒಂದು ವ್ಯತ್ಯಾಸ. ಪ್ರಶ್ನೆ ಪದ ಬಂದರೆ ಕನ್ನಡದಲ್ಲಿ 'ಆ' ಹೋಗುತ್ತದೆ: ಯಾರು ಬಂದರು? ಜಪಾನೀಸ್‌ನ ಮರ್ಯಾದೆಯ ಮಾತಿನಲ್ಲಿ ಆಗಲೂ 'ಕ' ಉಳಿಯುತ್ತದೆ: 'ದರೆ ಗ ಕಿಮಶಿತ ಕ'. ಇದನ್ನು ಮರೆಯುವವರು ಬಹಳ. 'ಕ' ಬರೆದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬೇಕಿಲ್ಲ, ಅವರ ಪೂರ್ಣವಿರಾಮದ ಸಣ್ಣ ಸುತ್ತು ಸಾಕು.

ಗೆಳೆಯರ ಜೊತೆ 'ಕ' ಬಿಟ್ಟು ದನಿ ಏರಿಸುತ್ತಾರೆ. ಸಾದಾ ರೂಪಕ್ಕೆ 'ಕ' ಸೇರಿಸಿ 'ತಬೆತ ಕ' ಅಂದರೆ ಒರಟು ಕೇಳಿಸಬಹುದು. 'ನನ್ ದ ಕ' ಅಂತ ಯಾರನ್ನೂ ನೇರವಾಗಿ ಕೇಳಬೇಡಿ.

'ಸೋ ದೆಸು ಕ' ದನಿ ಇಳಿಸಿ ಹೇಳಿದರೆ ನಮ್ಮ 'ಓ, ಹೌದಾ'. ಅದು ನಿಜವಾದ ಪ್ರಶ್ನೆಯಲ್ಲ, ಉತ್ತರ ಕೊಡಲು ಹೋಗಬೇಡಿ. 'ನೆ' ಅಂದರೆ 'ಅಲ್ವಾ'. 'ಯೊ' ಅಂದರೆ ಎದುರಿನವರಿಗೆ ಗೊತ್ತಿಲ್ಲದ್ದನ್ನು ತಿಳಿಸುವ ದನಿ. ಹಿರಿಯರ ಹತ್ತಿರ ಮಾತು ಮಾತಿಗೂ 'ಯೊ' ಹಾಕಿದರೆ ಅವರಿಗೆ ಪಾಠ ಹೇಳಿದ ಹಾಗಾಗುತ್ತದೆ.

ಹಂತ 10: ಅಭ್ಯಾಸ ಮಾಡುವ ರೀತಿ

ದಿನಕ್ಕೆ ಆರು ವಾಕ್ಯ ಸಾಕು. ಕನ್ನಡದಲ್ಲಿ ಬರೆಯಿರಿ, ನಿಮ್ಮ ಮನೆಯಲ್ಲಿ ನಿಜವಾಗಿ ಆಡುವ ಮಾತನ್ನೇ. ಪ್ರಶ್ನೆ ಪದಕ್ಕೂ ಪ್ರತ್ಯಯಕ್ಕೂ ಬಣ್ಣ ಹಾಕಿ. ಆಮೇಲೆ ಪ್ರತ್ಯಯಗಳನ್ನಷ್ಟೇ ಜಪಾನೀಸ್‌ಗೆ ಬದಲಿಸಿ, ಕೊನೆಗೆ ಪದಗಳನ್ನು ತುಂಬಿ. ಜುಲೈ, ಡಿಸೆಂಬರ್‌ನಲ್ಲಿ ನಡೆಯುವ ಜೆಎಲ್‌ಪಿಟಿ (ಜಪಾನೀಸ್ ಭಾಷಾ ಸಾಮರ್ಥ್ಯದ ಪರೀಕ್ಷೆ) ಎನ್5, ಅಂದರೆ ಅದರ ಮೊದಲ ಹಂತದ ಪರೀಕ್ಷೆಗೆ ಕೂರುವವರಿಗೂ ಇದೇ ಕ್ರಮ ಒಳ್ಳೆಯದು. ಅಲ್ಲಿ ಖಾಲಿ ಜಾಗಕ್ಕೆ ಪ್ರತ್ಯಯ ಆರಿಸುವುದೂ ಚೆಲ್ಲಿದ ಪದಗಳನ್ನು ಸಾಲಾಗಿ ಜೋಡಿಸುವುದೂ ಇರುತ್ತವೆ. ಜೋಡಿಸುವಾಗ ಕನ್ನಡದ ಪದಕ್ರಮವನ್ನೇ ನಂಬಿ.

ಈಗ ಇವನ್ನು ಕಾಗದದಲ್ಲಿ ಬರೆದು ನೋಡಿ. ಉತ್ತರದ ಸಾಲು ಮುಚ್ಚಿಟ್ಟುಕೊಳ್ಳಿ.

1. ಇದಕ್ಕೆ ಜಪಾನೀಸಲ್ಲಿ ಏನಂತಾರೆ?
2. ಯಾವ ಬಸ್ಸು ಕ್ಯೋತೊಗೆ ಹೋಗುತ್ತೆ?
3. ಎಲ್ಲಿಗೂ ಹೋಗಲಿಲ್ಲ.
4. ಎಷ್ಟು ಜನ ಬಂದರು?
5. ಯಾರಿಗೋ ಹೇಳಿದರು.
6. ಪಾರ್ಟಿ ಎಲ್ಲಿ ಇದೆ?

ಉತ್ತರಗಳು. 1: ಕೊರೆ ವ ನಿಹೊಂಗೊ ದೆ ನನ್ ತೊ ಇಇಮಸು ಕ. 2: ದೊನೊ ಬಸು ಗ ಕ್ಯೋತೊ ನಿ ಇಕಿಮಸು ಕ. 3: ದೊಕೊ ಎ ಮೊ ಇಕಿಮಸೆನ್ ದೆಶಿತ. 4: ನನ್‌ನಿನ್ ಕಿಮಶಿತ ಕ. 5: ದರೆಕ ನಿ ಇಇಮಶಿತ. 6: ಪಾತೀ ವ ದೊಕೊ ದೆ ಅರಿಮಸು ಕ.

2ರಲ್ಲಿ 'ವ' ಬರೆದಿದ್ದರೆ 4ನೇ ಹಂತಕ್ಕೆ ಹಿಂತಿರುಗಿ. ಪ್ರಶ್ನೆ ಪದ 'ದೊನೊ' ನಾಮಪದದ ಮುಂದೆ ಕೂತಿದ್ದರೂ ಇಡೀ ಗುಂಪಿಗೆ 'ಗ' ಬೇಕು. 5ರಲ್ಲಿ 'ದರೆ ನಿ ಕ' ಬಂದಿದ್ದರೆ 7ನೇ ಹಂತದ ಮೊದಲ ಹಳ್ಳ. 6ರಲ್ಲಿ 'ನಿ' ಬಂದಿದ್ದರೆ ಹಬ್ಬದ ಉದಾಹರಣೆಯನ್ನು ಮತ್ತೊಮ್ಮೆ ಓದಿ. 1ನೇದು ತಪ್ಪಾಗಿದ್ದರೆ 'ಇದಕ್ಕೆ' ಅನ್ನುವ ಕಡೆ 'ಕೊರೆ ನಿ' ಹಾಕಿರುತ್ತೀರಿ. ಉಳಿದದ್ದು, 'ಜಪಾನೀಸಲ್ಲಿ', 'ಏನಂತ', 'ಹೇಳ್ತಾರೆ', ಕನ್ನಡದ ಸಾಲಿನಲ್ಲೇ ಇದೆ. ತಪ್ಪಾದದ್ದನ್ನು ಮಾತ್ರ ತಿದ್ದಿ ಮುಂದಿನ ಆರು ವಾಕ್ಯಗಳಿಗೆ ಹೋಗಿ.